ಅಪ್ಪ-ಅಮ್ಮ ಬಂದಾಗ ಟೆಕ್ಸಸ್‌ನಲ್ಲಿ ನೀರಿಗೆ ಇಳಿಯುವುದು ಎಲ್ಲಿ?

ಪ್ರಶ್ನೆ: ನಾವು ಡಾಲಸ್ ಪಕ್ಕದ ಪ್ಲೇನೊದಲ್ಲಿದ್ದೇವೆ. ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಆಗಸ್ಟ್ 10ಕ್ಕೆ ವಾಪಸ್ ಟಿಕೆಟ್. ಅಪ್ಪನಿಗೆ 71, ತುಂಗೆಯಲ್ಲಿ ಈಜಿ ಬೆಳೆದವರು. ಅಪಾರ್ಟ್‌ಮೆಂಟ್ ಪೂಲ್ ಎಂದರೆ ಮೂಗು ಮುರಿಯುತ್ತಾರೆ. ಎಂಟು ವರ್ಷದ ಮಗ ಈಗಷ್ಟೇ ಈಜು ಕಲಿಯುತ್ತಿದ್ದಾನೆ. ಅಮ್ಮ ತಾನು ನೀರಿಗೆ ಇಳಿಯುವುದೇ ಇಲ್ಲ ಎಂದಿದ್ದಾರೆ. ಹೋದ ವರ್ಷ ಮೆಮೋರಿಯಲ್ ಡೇ ರಜೆಗೆ ಗಾರ್ನರ್ ಸ್ಟೇಟ್ ಪಾರ್ಕ್‌ಗೆ ಹೋಗಿದ್ದೆವು. ಜನ ಕೂತು ತೇಲುವ ರಬ್ಬರ್ ಟ್ಯೂಬ್‌ಗಳ ಮಧ್ಯೆ ನೀರೇ ಕಾಣಲಿಲ್ಲ. ಗಲಾಟೆ ಇಲ್ಲದೆ ಈಜುವ ಸ್ಟೇಟ್ ಪಾರ್ಕ್ ಯಾವುದು? ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಜಾಗ ಇದ್ದರೆ ಹೇಳಿ.

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಜನಕ್ಕೆ ಗೊತ್ತಿಲ್ಲದ ಜಾಗ ನಾನು ಹೇಳುವುದಿಲ್ಲ. ಬಚ್ಚಿಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಕಡೆಯಾದರೆ ಹೊಳೆ ದಂಡೆಯಲ್ಲಿ ಗಾಡಿ ನಿಲ್ಲಿಸಿ, ದನ ಕಾಯುವವರನ್ನು "ಮಡು ಎಲ್ಲಿದೆ, ಆಳ ಎಷ್ಟು" ಅಂತ ಕೇಳಿ ಇಳಿದುಬಿಡಬಹುದು. ಟೆಕ್ಸಸ್‌ನಲ್ಲಿ ಅದು ನಡೆಯುವುದಿಲ್ಲ. ಇಲ್ಲಿನ ನೆಲದಲ್ಲಿ ನೂರಕ್ಕೆ ಸುಮಾರು 95 ಪಾಲು ಖಾಸಗಿಯವರದ್ದು. ಹರಿಯುವ ನೀರು ಎಲ್ಲರದ್ದೇ ಇರಬಹುದು, ದಂಡೆ ಮಾತ್ರ ಯಾರದ್ದೋ. ಇನ್‌ಸ್ಟಾಗ್ರಾಂನಲ್ಲಿ ಕಾಣುವ 'ಸೀಕ್ರೆಟ್' ಮಡುಗಳಲ್ಲಿ ಎಷ್ಟೋ ಬೇಲಿ ಹಾರಿ ಹೋಗುವಂಥವು. 71ರ ಅಪ್ಪನನ್ನು ಕರೆದುಕೊಂಡು ಬೇಲಿ ಹಾರುವುದು ಬೇಡ, ಅಲ್ವಾ? ಸಾಮಾನ್ಯ ಜನ ಧೈರ್ಯವಾಗಿ ನೀರಿಗೆ ಇಳಿಯಬಹುದಾದ ಜಾಗ ಇಲ್ಲಿ ಕಡಿಮೆ. ಅದಕ್ಕೇ ಇರುವ ಸ್ಟೇಟ್ ಪಾರ್ಕ್‌ಗಳ ಮೇಲೆ ಅಷ್ಟು ಜನ ಮುಗಿಬೀಳುವುದು.

ಹಾಗಾದರೆ ಏನು ಮಾಡಬೇಕು? ನಾನು ಆಸ್ಟಿನ್‌ನಲ್ಲಿ 22 ವರ್ಷದಿಂದ ಇದ್ದೇನೆ. ಶನಿವಾರ-ಭಾನುವಾರ ಮಕ್ಕಳಿಗೆ ಈಜು ಕಲಿಸುತ್ತೇನೆ. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಪಾರ್ಕಿನ ಹೆಸರು ನೋಡಿ ಆರಿಸಬೇಡಿ, ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಅಂತ ನೋಡಿ ಆರಿಸಿ. ಟೆಕ್ಸಸ್‌ನಲ್ಲಿ ನೀವು ಇಳಿಯುವ ನೀರು ಮೂರು ಥರ. ನೆಲದಿಂದ ಉಕ್ಕುವ ಒರತೆ ನೀರು, ಅಣೆಕಟ್ಟು ಹಾಕಿ ನಿಲ್ಲಿಸಿದ ಕೆರೆ ನೀರು, ಮಳೆ ನಂಬಿ ಹರಿಯುವ ಹೊಳೆ ನೀರು. ತಣ್ಣಗಿರುತ್ತಾ, ಬೇಸಿಗೆಯಲ್ಲಿ ಇರುತ್ತಾ, ಅಪಾಯ ಯಾವ ಕಡೆಯಿಂದ ಬರುತ್ತೆ, ಜನ ಯಾವಾಗ ಸೇರುತ್ತಾರೆ ಅನ್ನುವುದೆಲ್ಲ ಅದರ ಮೇಲೇ ನಿಂತಿದೆ.

ನಿಮ್ಮ ಮೊದಲ ಟ್ರಿಪ್ ಕೆರೆಗೆ ಇರಲಿ, ಕ್ಲೀಬರ್ನ್ ಸ್ಟೇಟ್ ಪಾರ್ಕ್‌ಗೆ. ಪ್ಲೇನೊದಿಂದ ಒಂದೂವರೆ ಗಂಟೆ ದಾರಿ, ಫೋರ್ಟ್ ವರ್ತ್ ದಾಟಿ ಹೋಗಬೇಕು. ಅಲ್ಲಿರುವ ಸೀಡರ್ ಲೇಕ್ 116 ಎಕರೆ. ನಮ್ಮೂರ ಲೆಕ್ಕದಲ್ಲಿ ಒಂದು ಹದವಾದ ಕೆರೆ. ಒರತೆಗಳೇ ಅದನ್ನು ತುಂಬಿಸುತ್ತವೆ. ಮುಖ್ಯ ವಿಷಯ ಏನೆಂದರೆ ಅಲ್ಲಿ ದೋಣಿಗಳು ಅಲೆ ಎಬ್ಬಿಸುವಷ್ಟು ವೇಗದಲ್ಲಿ ಹೋಗುವ ಹಾಗಿಲ್ಲ. ಜೆಟ್ ಸ್ಕೀ ಸದ್ದಿಲ್ಲ, ಹಿಂದಿನಿಂದ ಬಂದು ಮಗುವಿನ ಬಾಯಿಗೆ ಹೊಡೆಯುವ ಅಲೆಯಿಲ್ಲ. ಈಗಷ್ಟೇ ಕಲಿಯುತ್ತಿರುವ ಹುಡುಗನಿಗೆ ಅದಕ್ಕಿಂತ ಇನ್ನೇನು ಬೇಕು? ದೊಡ್ಡ ಹೆಸರಿನ ಪಾರ್ಕ್ ಅಲ್ಲ, ಫೋಟೋ ತೆಗೆಯುವಂಥ ಬಂಡೆ-ಜಲಪಾತ ಇಲ್ಲ. ಅದೇ ಅದರ ಪುಣ್ಯ.

ಅಪ್ಪನಿಗೆ ಅಲ್ಲಿನ ಕೋಡಿ ತೋರಿಸಿ. ಮೂರು ಹಂತದಲ್ಲಿ ಕಲ್ಲು ಕಟ್ಟಿದ್ದಾರೆ. ಕೆರೆ ಕೋಡಿ ನೋಡಿದವರಿಗೆ ಅದರ ಕೆಲಸ ಅರ್ಥವಾಗುತ್ತದೆ. 1930ರ ದಶಕದಲ್ಲಿ ಕೆಲಸವಿಲ್ಲದೆ ಕೂತಿದ್ದ ಹುಡುಗರನ್ನು ರೂಸ್‌ವೆಲ್ಟ್ ಸರ್ಕಾರ ಸೇರಿಸಿಕೊಂಡು ಕಾಡು-ಪಾರ್ಕ್‌ಗಳ ಕೆಲಸಕ್ಕೆ ಹಚ್ಚಿತು. ಅದರ ಹೆಸರು ಸಿವಿಲಿಯನ್ ಕನ್ಸರ್ವೇಶನ್ ಕೋರ್, ಚಿಕ್ಕದಾಗಿ ಸಿಸಿಸಿ. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ಸೀದಾ ಮನೆಗೆ ಹೋಗುತ್ತಿತ್ತು. ಟೆಕ್ಸಸ್‌ನ ಎಷ್ಟೋ ಹಳೆಯ ಪಾರ್ಕ್‌ಗಳ ಗೋಡೆ, ಮೆಟ್ಟಿಲು, ಅಣೆಕಟ್ಟು ಎಲ್ಲ ಆ ಹುಡುಗರು ಕಟ್ಟಿದ್ದು. ನನ್ನ ಮಾವನನ್ನು ಕರೆದುಕೊಂಡು ಹೋದಾಗ ಅವರು ಈಜಿದ್ದು ಹತ್ತು ನಿಮಿಷ, ಆ ಕಲ್ಲುಗಳನ್ನು ಸವರುತ್ತಾ ಕೂತದ್ದು ಒಂದು ಗಂಟೆ.

ಎರಡನೇ ಟ್ರಿಪ್ ಮಗನ ಲೆಕ್ಕದಲ್ಲಿ. ಗ್ಲೆನ್ ರೋಸ್ ಊರಿನ ಡೈನೋಸಾರ್ ವ್ಯಾಲಿ, ಎರಡು ಗಂಟೆ ದಾರಿ. ಪಲಕ್ಸಿ ಅನ್ನುವ ಹೊಳೆಯ ತಳದಲ್ಲಿ ಸುಮಾರು 11 ಕೋಟಿ ವರ್ಷ ಹಿಂದಿನ ಡೈನೋಸಾರ್ ಹೆಜ್ಜೆಗಳಿವೆ. ಬೇಸಿಗೆಯಲ್ಲಿ ಹೊಳೆ ಬತ್ತಿದಷ್ಟೂ ಹೆಜ್ಜೆಗಳು ಚೆನ್ನಾಗಿ ಕಾಣುತ್ತವೆ. 2022ರ ಬರದಲ್ಲಿ ಅಲ್ಲಿಯವರೆಗೆ ನೀರು-ಕೆಸರಿನ ಅಡಿಯಲ್ಲಿದ್ದ ಹೆಜ್ಜೆಗಳೂ ಹೊರಬಂದು ದೊಡ್ಡ ಸುದ್ದಿಯಾಗಿತ್ತು. ಅದೇ ಹೊಳೆಯಲ್ಲಿ ಬ್ಲೂ ಹೋಲ್ ಅಂತ ಒಂದು ಮಡು ಇದೆ, ಈಜಲು ಜನ ಹೋಗುವುದು ಅಲ್ಲಿಗೇ. ಇದು ಮಳೆ ನಂಬಿದ ಹೊಳೆ ಅನ್ನುವುದು ನೆನಪಿರಲಿ. ಒಂದು ವಾರ ಮೊಣಕಾಲುದ್ದ ಇದ್ದ ನೀರು ಮರುವಾರ ಬೇರೆಯೇ ಇರುತ್ತದೆ. ಈ ಪಾರ್ಕ್ ಶಾಂತವಾಗಿರುತ್ತೆ ಅಂತ ನಾನು ಹೇಳಲಾರೆ. ಮಕ್ಕಳಿರುವ ಮನೆಯವರೆಲ್ಲ ಬರುತ್ತಾರೆ. ಬೆಳಗ್ಗೆ ಗೇಟ್ ತೆಗೆಯುವ ಹೊತ್ತಿಗೇ ಹೋಗಿ, ಮೊದಲು ಈಜಿ, ಆಮೇಲೆ ಹೆಜ್ಜೆ ನೋಡಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಹಾಗಾಗಿ ಮೊದಲ ಒಂದು-ಒಂದೂವರೆ ಗಂಟೆ ಮಡು ನಿಮ್ಮದೇ.

ಈಗ ಅಪ್ಪನ ಟ್ರಿಪ್. ಅವರಿಗೆ ಬೇಕಾಗಿರುವುದು ತುಂಗೆ. ತುಂಗೆ ಇಲ್ಲಿಲ್ಲ. ಹತ್ತಿರ ಬರುವುದು ಎರಡು ಜಾಗ, ಎರಡೂ ಮೂರೂವರೆ-ನಾಲ್ಕು ಗಂಟೆ ದೂರ. ಒಂದು ರಾತ್ರಿ ಉಳಿಯುವ ಹಾಗೆ ಹೋಗಿ.

ಮೊದಲನೆಯದು ಇಂಕ್ಸ್ ಲೇಕ್. ಕೊಲೊರಾಡೊ ನದಿಗೆ ಸಾಲಾಗಿ ಕಟ್ಟಿದ ಅಣೆಕಟ್ಟುಗಳಲ್ಲಿ ಇದು ಚಿಕ್ಕದು. ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೊ ಬೇರೆ, ಇದು ಟೆಕ್ಸಸ್‌ನದ್ದೇ ನದಿ. ಮೇಲಿನ ಬ್ಯುಕ್ಯಾನನ್ ಜಲಾಶಯ ಬರದಲ್ಲಿ ಇಳಿದುಹೋದರೂ ಇಂಕ್ಸ್‌ನ ಮಟ್ಟ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ. ಆದ್ದರಿಂದ ಜುಲೈನಲ್ಲಿ ಹೋದರೂ ಕೆಸರು ತುಳಿಯುವ ಪ್ರಮೇಯವಿಲ್ಲ. ದಂಡೆಯ ಬಂಡೆ ಗುಲಾಬಿ ಬಣ್ಣದ ನೈಸ್ (gneiss) ಅನ್ನುವ ಕಲ್ಲು, ನೂರು ಕೋಟಿ ವರ್ಷಕ್ಕಿಂತ ಹಳೆಯದು. ಲಾಲ್‌ಬಾಗ್ ಗುಡ್ಡದ ಬಂಡೆಯೂ ನೈಸ್ ಜಾತಿಯದ್ದೇ, ಸುಮಾರು 300 ಕೋಟಿ ವರ್ಷದ್ದು. ಇಲ್ಲಿಯವರು ತಮ್ಮ ಬಂಡೆ ಎಷ್ಟು ಹಳೆಯದು ಅಂತ ಹೇಳುವಾಗ ನಾನು ಸುಮ್ನೆ ನಗುತ್ತೇನೆ.

ಅಲ್ಲಿ ಡೆವಿಲ್ಸ್ ವಾಟರ್‌ಹೋಲ್ ಅನ್ನುವ ಮಡು ಇದೆ. ಶನಿವಾರ ಮಧ್ಯಾಹ್ನ ಹೋದರೆ ಬಂಡೆ ಮೇಲಿಂದ ಹಾರುವ ಹುಡುಗರ ಕೂಗಾಟ. ರಾತ್ರಿ ಪಾರ್ಕಿನಲ್ಲೇ ಉಳಿದು ಬೆಳಗ್ಗೆ ಆರೂವರೆಗೆ ಹೋದರೆ ಬೇರೆಯೇ ಜಾಗ. ಸ್ಟೇಟ್ ಪಾರ್ಕ್‌ಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಆರು ಗಂಟೆಯಾಯಿತು ಅಂತ ಯಾರೂ ಎದ್ದು ಕೂಗುವುದೂ ಇಲ್ಲ. ನನ್ನ ಅಪ್ಪ ಬಂದಿದ್ದಾಗ ಹಾಗೇ ಹೋಗಿದ್ದೆವು. ಸೊಂಟಕ್ಕೆ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿತವರು ಅವರು. ಪಂಚೆ ಮೇಲೆ ಕಟ್ಟಿ ಇಳಿದರು. ನೀರಿನ ಮೇಲೆ ತೆಳುವಾದ ಮಂಜು ಇತ್ತು. ಅಂಗಾತ ಮಲಗಿ, ಕಿವಿ ನೀರೊಳಗೆ ಬಿಟ್ಟು, ಕೈಯನ್ನೂ ಆಡಿಸದೆ ತೇಲಿದರು. ಒಂದು ಬೆಳ್ಳಕ್ಕಿ ಜಾತಿಯ ಹಕ್ಕಿ ಎದುರಿನ ಬಂಡೆ ಮೇಲೆ ನಿಂತು ಅವರನ್ನೇ ನೋಡುತ್ತಿತ್ತು. ಇಪ್ಪತ್ತು ನಿಮಿಷ ಆದ ಮೇಲೆ ದಡಕ್ಕೆ ಬಂದು, "ಇದರಲ್ಲಿ ಸೆಳವಿಲ್ಲ ಕಣೋ, ನೀರು ನಿಂತುಬಿಟ್ಟಿದೆ" ಅಂದರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ.

ನಿಮ್ಮ ಅಪ್ಪನಿಗೂ ಹರಿಯುವ ನೀರೇ ಬೇಕು ಅಂತಿದ್ದರೆ ಕೊಲೊರಾಡೊ ಬೆಂಡ್ ಪಾರ್ಕ್. ಅಲ್ಲಿ ಗೋರ್ಮನ್ ಫಾಲ್ಸ್ ಅನ್ನುವ ಜಲಪಾತ ಹೆಸರುವಾಸಿ, ಅಲ್ಲಿ ಈಜುವಂತಿಲ್ಲ. ನಿಮಗೆ ಬೇಕಾದದ್ದು ಸ್ಪೈಸ್‌ವುಡ್ ಸ್ಪ್ರಿಂಗ್ಸ್ ತೊರೆ. ಕಾಲುದಾರಿ ತೊರೆಯನ್ನು ಹಲವು ಸಲ ದಾಟುತ್ತಾ ಹೋಗುತ್ತದೆ. ಒಂದೊಂದು ತಿರುವಿಗೂ ಒಂದೊಂದು ಗುಂಡಿ. ಕೆಲವು ಸೊಂಟದುದ್ದ, ಕೆಲವು ಆಳ. ಒರತೆ ನೀರು, ಗಾಜಿನ ಹಾಗೆ ತಿಳಿ. ಮಲೆನಾಡಿನ ಹಳ್ಳದ ನೆನಪು ಬರುವುದು ನನಗೆ ಟೆಕ್ಸಸ್‌ನಲ್ಲಿ ಅದೊಂದೇ ಕಡೆ. ಕಾರ್ ನಿಲ್ಲಿಸಿದ ಜಾಗದಿಂದ ನಡೆಯಬೇಕಾದ್ದರಿಂದ ಕೂಲರ್, ಸ್ಪೀಕರ್ ಹೊತ್ತು ತರುವವರು ಕಡಿಮೆ. ನಡಿಗೆಯೇ ಅಲ್ಲಿನ ಕಾವಲುಗಾರ. ಆದರೆ ಸುಣ್ಣಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಹೋದರೆ ಜಾರುವುದು ಖಂಡಿತ. ಅಪ್ಪನಿಗೆ ಹಿಮ್ಮಡಿ ಪಟ್ಟಿ ಇರುವ ಚಪ್ಪಲಿ ಅಥವಾ ಹಳೆ ಶೂ ಹಾಕಿಸಿ, ಕೈಯಲ್ಲಿ ಒಂದು ಕೋಲು ಕೊಡಿ. ಮೊದಲ ಎರಡು ಗುಂಡಿ ಸಾಕು ಅನ್ನಿಸಿದರೆ ಅಲ್ಲೇ ಕೂರಿ, ಮುಂದೆ ಹೋಗಲೇಬೇಕು ಅಂತೇನಿಲ್ಲ. ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗಬೇಡಿ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಇನ್ನೊಂದು ಜಾಗ ಹೇಳದೆ ಇರಲು ಆಗುತ್ತಿಲ್ಲ. ಬಾಲ್ಮರೇ ಸ್ಟೇಟ್ ಪಾರ್ಕ್. ಪ್ಲೇನೊದಿಂದ ಏಳು ಗಂಟೆಗೂ ಜಾಸ್ತಿ, ಪಶ್ಚಿಮದ ಮರುಭೂಮಿಯಲ್ಲಿದೆ. ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್ ಕಡೆ ಹೋಗುವ ಪ್ಲಾನ್ ಇದ್ದರೆ ಮಾತ್ರ ಸೇರಿಸಿಕೊಳ್ಳಿ. ಸ್ಯಾನ್ ಸಾಲಮನ್ ಅನ್ನುವ ಒರತೆ ದಿನಕ್ಕೆ ಒಂದೂವರೆ ಕೋಟಿ ಗ್ಯಾಲನ್‌ಗೂ ಹೆಚ್ಚು ನೀರು ಉಕ್ಕಿಸುತ್ತದೆ. ಅದರ ಸುತ್ತ ಅದೇ ಸಿಸಿಸಿ ಹುಡುಗರು ಕಟ್ಟಿದ ಕೊಳ 1.3 ಎಕರೆ, ಆಳ 25 ಅಡಿಯವರೆಗೆ. ಚಳಿಗಾಲ-ಬೇಸಿಗೆ ಎರಡರಲ್ಲೂ ನೀರು 22ರಿಂದ 24 ಡಿಗ್ರಿ ಸೆಲ್ಸಿಯಸ್. ಕಾಲಿಟ್ಟ ತಕ್ಷಣ ಮೀನುಮರಿಗಳು ಸುತ್ತುವರಿಯುತ್ತವೆ. ಶೃಂಗೇರಿಯ ಮೀನಿಗೆ ಮಂಡಕ್ಕಿ ಹಾಕಿ ಅಭ್ಯಾಸವಿರುವ ಅಮ್ಮ ಇಲ್ಲೂ ಕೈಚೀಲ ಹುಡುಕುತ್ತಾರೆ, ಬೇಡ ಅನ್ನಿ. ಕೊಮಾಂಚೆ ಸ್ಪ್ರಿಂಗ್ಸ್ ಪಪ್‌ಫಿಶ್ ಅನ್ನುವ ಚಿಟಿಕೆಯಷ್ಟು ಮೀನು ಜಗತ್ತಿನಲ್ಲಿ ಉಳಿದಿರುವುದೇ ಈ ಒರತೆಗಳ ಸುತ್ತಮುತ್ತ. ಅದರ ಹೆಸರಿಗೆ ಕಾರಣವಾದ ಒರತೆ ಫೋರ್ಟ್ ಸ್ಟಾಕ್‌ಟನ್ ಊರಲ್ಲಿತ್ತು. ಸುತ್ತಲ ಹೊಲಗಳಿಗೆ ಪಂಪ್ ಹಾಕಿ ಎತ್ತಿ ಎತ್ತಿ 1950ರ ದಶಕದಲ್ಲಿ ಅದು ಬತ್ತತೊಡಗಿತು. ಬೋರ್‌ವೆಲ್ ಕೊರೆದು ಕೆರೆ ಬತ್ತಿಸಿದ ಕಥೆ ನಮಗೇನು ಹೊಸದಾ?

ಇನ್ನು ಅಪಾಯದ ಮಾತು. ಇದನ್ನು ಸ್ವಲ್ಪ ಗಮನವಿಟ್ಟು ಓದಿ.

ಆಸ್ಟಿನ್-ಸ್ಯಾನ್ ಆಂಟೋನಿಯೊ ಪಶ್ಚಿಮದ ಹಿಲ್ ಕಂಟ್ರಿಯಲ್ಲಿ ಮಣ್ಣು ತೆಳು, ಕೆಳಗೆಲ್ಲ ಸುಣ್ಣಕಲ್ಲು. ಜೋರು ಮಳೆ ಬಿದ್ದರೆ ಹೆಚ್ಚು ಇಂಗುವುದಿಲ್ಲ, ಸೀದಾ ಹೊಳೆಗೆ ನುಗ್ಗುತ್ತದೆ. 2025ರ ಜುಲೈ 4ರ ಬೆಳಗಿನ ಜಾವ ಹಂಟ್ ಊರಿನ ಬಳಿ ಗ್ವಾಡಲೂಪೆ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು. ಆ ಪ್ರವಾಹದಲ್ಲಿ 130ಕ್ಕೂ ಹೆಚ್ಚು ಜನ ಹೋದರು. ನಮ್ಮ ಮಳೆಗಾಲದ ಹೊಳೆ ದಿನಗಟ್ಟಲೆ ಏರುವುದನ್ನು ನೋಡಿದವರಿಗೆ ಈ ವೇಗ ಊಹೆಗೇ ಬರುವುದಿಲ್ಲ. ಅಪ್ಪನಿಗೆ ಹೊಳೆಯ ಅನುಭವ ಇದೆ ಅನ್ನುವುದು ಇಲ್ಲಿ ಸ್ವಲ್ಪ ಮೋಸ ಮಾಡಬಹುದು.

ನನಗೇ ಆಗಿದೆ. ಎಂಟ್ಹತ್ತು ವರ್ಷದ ಹಿಂದೆ ಹಿಲ್ ಕಂಟ್ರಿಯ ಒಂದು ಹೊಳೆಯಲ್ಲಿ ಮಕ್ಕಳು ಪಾದ ಮುಳುಗುವಷ್ಟು ನೀರಲ್ಲಿ ಆಡುತ್ತಿದ್ದರು. ತಲೆಯ ಮೇಲೆ ನೀಲಿ ಆಕಾಶ. ಮೋಡ ಇದ್ದದ್ದು ದೂರದಲ್ಲಿ, ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೊದಲು ಒಂದೆರಡು ಒಣ ಎಲೆ ತೇಲಿ ಬಂದವು. ಆಮೇಲೆ ಕಡ್ಡಿ, ನೊರೆ. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತು. ಮಕ್ಕಳನ್ನು ಎಳೆದುಕೊಂಡು ಮೇಲೆ ಹತ್ತಿದೆ. ಹತ್ತು ನಿಮಿಷದಲ್ಲಿ ನಮ್ಮ ಚಪ್ಪಲಿ ಇಟ್ಟಿದ್ದ ಬಂಡೆ ಕಾಣದಾಯಿತು. ಚಪ್ಪಲಿ ಹೋದದ್ದು ಲೆಕ್ಕವಲ್ಲ. ದೂರದ ಮೋಡವನ್ನು ನೋಡಿಯೂ ಸುಮ್ಮನಿದ್ದೆನಲ್ಲ ಅಂತ ಇವತ್ತಿಗೂ ನನ್ನ ಮೇಲೇ ಕೋಪ ಬರುತ್ತದೆ. ನೀರಿನ ಬಣ್ಣ ಬದಲಾದರೆ, ಕಸ ತೇಲಿ ಬಂದರೆ, ಸದ್ದು ಜೋರಾದರೆ, ಸಾಮಾನು ಬಿಟ್ಟು ಮೇಲೆ ಹತ್ತಿ. ಎತ್ತರದ ಕಡೆಗೆ, ಕಾರಿನ ಕಡೆಗಲ್ಲ.

ಹೊರಡುವ ಮುಂಚೆ ನೋಡಲು ಒಂದು ಸುಲಭದ ದಾರಿಯಿದೆ. ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್ ಎಷ್ಟೋ ಹೊಳೆಗಳಿಗೆ ಅಳತೆ ಯಂತ್ರ ಇಟ್ಟಿದೆ. ಅದರ ವೆಬ್‌ಸೈಟಿನಲ್ಲಿ ನೀವು ಹೋಗುವ ಪಾರ್ಕಿಗಿಂತ ಮೇಲ್ಭಾಗದಲ್ಲಿರುವ ಯಂತ್ರವನ್ನು ಹುಡುಕಿ. ಅಲ್ಲಿ 'ಸಿಎಫ್‌ಎಸ್' ಅಂತ ಬರೆದಿರುತ್ತದೆ. ಹೆದರಬೇಡಿ, ಅದು ನಮ್ಮ ಕ್ಯೂಸೆಕ್ಕೇ. ಕೆಆರ್‌ಎಸ್ ಒಳಹರಿವು ಇಷ್ಟು ಸಾವಿರ ಕ್ಯೂಸೆಕ್ ಅಂತ ಪೇಪರ್‌ನಲ್ಲಿ ಓದಿದ್ದೀರಲ್ಲ, ಅದೇ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಂಕಿಗಿಂತ ಗೆರೆ ಮುಖ್ಯ. ಕಳೆದ ಒಂದು ವಾರದ ಗೆರೆ ಚಪ್ಪಟೆಯಾಗಿದ್ದರೆ ಒಳ್ಳೆಯದು. ನೆಟ್ಟಗೆ ಮೇಲೆದ್ದಿದ್ದರೆ ಆ ದಿನ ಮನೆಯಲ್ಲೇ ಬೋಂಡ ಕರಿಯಿರಿ. ಜೋರು ಮಳೆಯಾದ ಮೇಲೆ ಎರಡು ದಿನ ಹೊಳೆ ಬಿಡಿ. ಹೊಲಗದ್ದೆ, ದನದ ಕೊಟ್ಟಿಗೆಯ ಗಲೀಜೆಲ್ಲ ಅದರಲ್ಲೇ ಇಳಿದಿರುತ್ತದೆ.

ಮೆದುಳು ತಿನ್ನುವ ಅಮೀಬಾ ಬಗ್ಗೆ ಅಮ್ಮ ಖಂಡಿತ ಕೇಳುತ್ತಾರೆ, ಕೇರಳದ ಸುದ್ದಿ ಟೀವಿಯಲ್ಲಿ ನೋಡಿರುತ್ತಾರೆ. ಅದು ಬಿಸಿಯಾದ ಸಿಹಿನೀರಲ್ಲಿ ಬೆಳೆಯುತ್ತದೆ. ನೀರು ಮೂಗಿನೊಳಗೆ ನುಗ್ಗಿದರೆ ಅಪಾಯ, ಕುಡಿದರೆ ಅಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಕೇಸ್ ಕೂಡ ಆಗುವುದಿಲ್ಲ, ಆದರೆ ಆದವರು ಉಳಿಯುವುದು ತೀರಾ ಅಪರೂಪ. ಹಾಗಾಗಿ ಜುಲೈ-ಆಗಸ್ಟ್‌ನಲ್ಲಿ ಕೆರೆ ನೀರು ಬೆಚ್ಚಗಾಗಿ ಮಟ್ಟವೂ ಇಳಿದಿದ್ದರೆ ತಲೆ ಮುಳುಗಿಸಬೇಡಿ. ಮಗನಿಗೆ ಮೂಗಿನ ಕ್ಲಿಪ್ ಹಾಕಿ, ತಳದ ಕೆಸರು ಕೆದಕಿ ಆಡುವುದು ಬೇಡ. ತಣ್ಣಗಿನ ಒರತೆ ನೀರಲ್ಲಿ ಈ ಚಿಂತೆ ಕಡಿಮೆ. ನೀರಿನ ಮೇಲೆ ಹಸಿರು ಬಣ್ಣ ಸುರಿದ ಹಾಗೆ ಪಾಚಿ ಕಂಡರೆ ಯಾವ ಕೆರೆಯಾದರೂ ಇಳಿಯಬೇಡಿ.

ಈ ಪಾರ್ಕ್‌ಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಮಗನಿಗೆ ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ ಹಾಕಿ. ತೋಳಿಗೆ ಹಾಕುವ ಗಾಳಿ ಚೀಲ ನೆಚ್ಚಬೇಡಿ. ಅಪ್ಪ "ನಮ್ಮ ಕಾಲದಲ್ಲಿ ಬೆಂಡು ಕಟ್ಟಿ ಬಾವಿಗೆ ತಳ್ಳುತ್ತಿದ್ದರು" ಅನ್ನುತ್ತಾರೆ. ಹೌದು, ಹಗ್ಗ ಹಿಡಿದು ಮೇಲೊಬ್ಬರು ಕಣ್ಣು ಮಿಟುಕಿಸದೆ ನಿಂತಿರುತ್ತಿದ್ದರು ಅನ್ನುವುದನ್ನೂ ನೆನಪಿಸಿ. ಆ ಹಗ್ಗದ ಕೆಲಸ ಈಗ ನಿಮ್ಮದು. ಒಬ್ಬರು ಇಪ್ಪತ್ತು ನಿಮಿಷ ಫೋನ್ ಮುಟ್ಟದೆ ಮಗುವನ್ನೇ ನೋಡಬೇಕು, ಆಮೇಲೆ ಇನ್ನೊಬ್ಬರು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಸದ್ದೇ ಇಲ್ಲದೆ ನಿಂತ ಹಾಗೆ ಕಾಣುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದರೆ ಮೊದಲು ಅತ್ತ ತಿರುಗಿ.

ಬಟ್ಟೆ ವಿಷಯ ಬಹಳ ಜನ ಕೇಳಲು ಸಂಕೋಚ ಪಡುತ್ತಾರೆ. ಈಜುಡುಗೆಯೇ ಬೇಕು ಅಂತ ಸ್ಟೇಟ್ ಪಾರ್ಕ್‌ನಲ್ಲಿ ಯಾರೂ ಕೇಳುವುದಿಲ್ಲ. ಉದ್ದ ತೋಳಿನ ಈಜು ಶರ್ಟ್, ಲೆಗ್ಗಿಂಗ್ಸ್ ಹಾಕಿ ಇಳಿಯಬಹುದು. ಇಲ್ಲಿನ ಬಿಸಿಲಿಗೆ ಅದೇ ವಾಸಿ. ಆದರೆ ಹತ್ತಿಯ ಚೂಡಿದಾರ, ದುಪಟ್ಟಾ ಬೇಡ. ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಚಾಪೆ ಹಾಸುವ ಮೊದಲು ಕೆಂಪಿರುವೆ ಗೂಡು ಇದೆಯಾ ನೋಡಿ. ಒಮ್ಮೆ ಕಚ್ಚಿಸಿಕೊಂಡರೆ ಮೊಸರನ್ನದ ರುಚಿಯೂ ಹೋಗುತ್ತದೆ.

ಬುಕಿಂಗ್: ದಿನದ ಪಾಸ್ ಒಂದು ತಿಂಗಳು ಮುಂಚೆ ತೆರೆಯುತ್ತದೆ, ಶನಿವಾರದ್ದು ಬೇಗ ಖಾಲಿ. ವರ್ಷದ ಪಾಸ್ ತಗೊಂಡರೆ ಕಾರಿನಲ್ಲಿ ಜೊತೆಗೆ ಬಂದವರಿಗೂ ಪ್ರವೇಶ ಶುಲ್ಕವಿಲ್ಲ. ಆದರೂ ಆ ದಿನದ ಜಾಗ ಮುಂಚೆಯೇ ಕಾದಿರಿಸಿಕೊಳ್ಳಿ, ಪಾರ್ಕ್ ತುಂಬಿದ್ದರೆ ಪಾಸ್ ಇದ್ದರೂ ಗೇಟಿಂದ ವಾಪಸ್ ಬರಬೇಕಾಗುತ್ತದೆ. 12 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಹೇಗೂ ಫ್ರೀ.

ಒಂದು ಸಲಹೆ, ಆಗುವುದಾದರೆ ನೋಡಿ. ಆಗಸ್ಟ್ 10ರ ಟಿಕೆಟ್ಟನ್ನು ಸೆಪ್ಟೆಂಬರ್ ಕೊನೆಗೆ ಮುಂದೂಡಲು ಬರುತ್ತಾ? ಆಗಸ್ಟ್ ಮಧ್ಯಕ್ಕೆ ಇಲ್ಲಿ ಶಾಲೆ ಶುರು. ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಲೇಬರ್ ಡೇ ಕಳೆದ ಮೇಲೆ ವಾರದ ದಿನಗಳಲ್ಲಿ ಪಾರ್ಕ್‌ಗಳು ಖಾಲಿ ಹೊಡೆಯುತ್ತವೆ, ನೀರು ಮಾತ್ರ ಇನ್ನೂ ಬೆಚ್ಚಗೇ ಇರುತ್ತದೆ. ನೀವೊಂದು ಮಂಗಳವಾರ ರಜೆ ಹಾಕಿ ಅಪ್ಪ-ಅಮ್ಮ ಇಬ್ಬರನ್ನೇ ಕ್ಲೀಬರ್ನ್‌ಗೆ ಕರೆದುಕೊಂಡು ಹೋಗಿ. ಟವಲ್ ಒಂದು ಜಾಸ್ತಿ ಇರಲಿ. ನೀರಿಗೆ ಇಳಿಯುವುದೇ ಇಲ್ಲ ಅಂದಿದ್ದಾರಲ್ಲ ಅಮ್ಮ, ಅವರಿಗೆ.